ಗೇಟು ಕಾಯುವ ಗೋಲ್‌ಕೀಪರ್

ಗುಂಡ್ಲುಪೇಟೆಯ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್ ರಾತ್ರಿ ಹೊತ್ತು ಬಂಡೀಪುರ ಕಾಡಿನ ಚೆಕ್‌ಪೋಸ್ಟಿನಲ್ಲಿ ಕಾವಲುಗಾರನಾಗಿದ್ದ. ಒಂಬತ್ತಕ್ಕೆ ಅಲ್ಲಿ ಗೇಟು ಬಿದ್ದರೆ ಬೆಳಗಾಗುವವರೆಗೆ ಗಾಡಿಗಳು ದಾಟುವಂತಿಲ್ಲ. ಹಾಗಾಗಿ ಆ ಗೇಟು ದಾಟಿಯೇ ಊರಿಗೆ ಮರಳಬೇಕಾದ ಕೇರಳದವರ ಜೊತೆ ಆಟವಿದ್ದ ದಿನ ಅವನದು ಒಂದೇ ರಾಗ: "ಬಿರ್ನೆ ಆಡ್ರಲಾ, ಗೇಟ್ ಬಿದ್ದೋಯ್ತದೆ!" ಹೇಳಿ ಗ್ಲೌಸಿನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದ.

ಹೋದ ವರ್ಷದ ಫೈನಲ್ ಮಳೆಯಿಂದ ತಡವಾಗಿ, ಬೈಕುಗಳ ಹೆಡ್‌ಲೈಟಿನಲ್ಲಿ ಪೆನಾಲ್ಟಿಗೆ ಬಂತು. ಕೇರಳದವರ ಕೊನೆಯ ಒದೆತವನ್ನು ತಡೆದಿದ್ದರೆ ಆಟ ಇನ್ನೂ ಮುಂದುವರಿಯುತ್ತಿತ್ತು. ಚೆಂಡು ಅವನ ಪಕ್ಕದಲ್ಲೇ ಹೋಯಿತು. ಅವನು ಕದಲಲೇ ಇಲ್ಲ.

"ಯಾಕ್ಲಾ ಎಗರ್ಲಿಲ್ಲ?" ಎಂದೆ.

ಅವನು ತಲೆ ಎತ್ತಲಿಲ್ಲ. "ಅವ್ರ ಜೀಪಲ್ಲಿ ಮಕ್ಳವೆ ಕಣ್ಲಾ. ಮನೆ ಸೇರ್ಕಳ್ಲಿ ಅಂತ ಬುಟ್ಬುಟ್ಟೆ. ನಿಮ್ಮನ್ನ ಒಂದ್ ಮಾತು ಕೇಳ್ಬೇಕಿತ್ತು."

ಗೆದ್ದವರು ಪೇಟೆಯಲ್ಲೇ ಪಟಾಕಿ ಹೊಡೆದು, ಬಿರಿಯಾನಿ ತಿಂದು, ಗೇಟು ಬಿದ್ದ ಮೇಲೆ ಅಲ್ಲಿಗೆ ಹೋದರಂತೆ. ದಾಟಲು ಬಿಡದೆ ತಡೆದವನು ಅವನೇ. ಮಕ್ಕಳು ಜೀಪಿನಲ್ಲೇ ಮಲಗಿದವು.

ಬೆಳಿಗ್ಗೆ ಗೇಟು ಎತ್ತುವಾಗ ಒಂದು ಮಗು ಕಿಟಕಿಯಿಂದ ಫೈನಲ್‌ನಲ್ಲಿ ಗೆದ್ದ ಕಪ್ಪನ್ನು ಚಾಚಿ, ಮುಟ್ಟು ಎಂಬಂತೆ ನಕ್ಕಿತಂತೆ. ಅವನು ಎರಡೂ ಕೈಯಲ್ಲಿ ಗೇಟಿನ ಹಗ್ಗ ಹಿಡಿದುಕೊಂಡು, ಜೀಪು ದಾಟುವ ತನಕ ನೆಲವನ್ನೇ ನೋಡುತ್ತಿದ್ದನಂತೆ.