ನೇರಳೆ ಮರದ ಕೆಳಗೆ ಒಂದು ದಿನದ ದೇವರು

ನಾನು ಚಿಕ್ಕವನಿದ್ದಾಗ ಅಕ್ಕನ ಜೊತೆ ಸೇರಿ ಒಂದು ದೇವರನ್ನೇ ಮಾಡಿದ್ದೆ. ಆ ದೇವರು ಬೆಳಿಗ್ಗೆ ಹುಟ್ಟಿ ಸಂಜೆಯೊಳಗೆ ಹೋಗಿಬಿಟ್ಟಿತು. ಅದಾಗಿಯೇ ಹೋಗಲಿಲ್ಲ, ಕಂಕುಳಲ್ಲಿ ಇರುಕಿಕೊಂಡು ಹೋದವನು ನಮ್ಮ ಅಪ್ಪ. ನನಗೀಗ ಇರುವುದು ಕಟ್ಟಿಸಿಕೊಂಡ ಹಲ್ಲು. ಆದರೆ ಅವತ್ತಿನ ಸಿಟ್ಟು ಮಾತ್ರ ಹಳೆಯದೇ ಇದೆ.

ಆಗೆಲ್ಲ ಹೆಬ್ಬಾಳ ದಾಟಿದರೆ ಬೆಂಗಳೂರು ಮುಗಿದಂತೆ. ಅಲ್ಲಿಂದ ಯಲಹಂಕದವರೆಗೂ ರಾಗಿ ಹೊಲ, ಸೀಬೆ ತೋಟ, ಕೆರೆ. ಅಮೃತಹಳ್ಳಿಗೆ ತಿರುಗುವ ಜಾಗದ ಹತ್ತಿರ, ದೊಡ್ಡ ರಸ್ತೆಯ ಅಂಚಿನಲ್ಲೇ ನಮ್ಮ ಮನೆ. ದೊಡ್ಡ ರಸ್ತೆ ಎಂದರೆ ನೀವು ನೋಡುವಂಥದ್ದಲ್ಲ. ಎದುರಿಗೆ ಲಾರಿ ಬಂದರೆ ಎತ್ತಿನ ಗಾಡಿ ಮಣ್ಣಿಗಿಳಿದು ನಿಲ್ಲಬೇಕಿತ್ತು. ಭಾನುವಾರ ಪೇಟೆಯವರು ಸ್ವೆಟರು ಹಾಕಿಕೊಂಡು ಕಾರಿನಲ್ಲಿ ನಂದಿಬೆಟ್ಟ ನೋಡಲು ಹೋಗುತ್ತಿದ್ದರು. ನಮ್ಮ ಮನೆ ಮುಂದಿನ ಗುಂಡಿಗೆ ಕಾರು ಇಳಿದಾಗ ಒಳಗಿದ್ದವರೆಲ್ಲ ಒಟ್ಟಿಗೆ ತಲೆಯಾಡಿಸುತ್ತಿದ್ದರು. ಅದನ್ನು ನೋಡಿ ನಗುವುದಕ್ಕೆಂದೇ ನಾವು ಜಗಲಿಯ ಮೇಲೆ ಕೂತಿರುತ್ತಿದ್ದೆವು.

ಗುಂಡಿಯ ಪಕ್ಕದಲ್ಲೇ ಒಂದು ನೇರಳೆ ಮರ. ಅದು ಸರ್ಕಾರದ ಮರ. ಆದರೆ ಅಕ್ಕ ಹುಟ್ಟಿದ ವರ್ಷವೇ ಅದು ಮೊದಲು ಹಣ್ಣು ಬಿಟ್ಟಿತ್ತಂತೆ, ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಅದು ಅಕ್ಕನ ಮರ. ಮಳೆಗಾಲ ಶುರುವಾದರೆ ನಮ್ಮ ನಾಲಿಗೆ, ಅಂಗಿ, ಅಂಗೈ ಎಲ್ಲ ನೀಲಿ. ಅಮ್ಮ ಬೈದರೆ ಅಕ್ಕ ಹೋಗಿ ಮರಕ್ಕೆ ಒರಗಿ ಕೂರುತ್ತಿದ್ದಳು. ಸಿಟ್ಟು ಇಳಿದ ಮೇಲೆ ತಾನೇ ಎದ್ದು ಬರುತ್ತಿದ್ದಳು.

ಬೆಟ್ಟ ನೋಡಲು ಬರುವವರಿಗೆ ಒಳ್ಳೆಯ ರಸ್ತೆ ಬೇಕೆಂದು ಅದನ್ನು ಅಗಲ ಮಾಡುವ ಕೆಲಸ ಶುರುವಾಯಿತು. ಕಾದ ಟಾರಿನ ವಾಸನೆ ಅಡುಗೆಮನೆಗೂ ನುಗ್ಗಿತು. ಹೊಗೆ ಬಿಡುತ್ತಾ ರೋಲರ್ ಬಂದರೆ ಗೂಡಿನಲ್ಲಿದ್ದ ದೀಪ ಕೂಡ ನಡುಗುತ್ತಿತ್ತು. ಒಂದು ದಿನ ಯಾರೋ ಬಂದು ಸುಣ್ಣದ ಗೆರೆ ಎಳೆದು ಹೋದರು. ನೇರಳೆ ಮರ ಗೆರೆಯ ಒಳಗೆ ಸೇರಿತು, ಅಂದರೆ ಕಡಿಯುವ ಮರಗಳ ಲೆಕ್ಕಕ್ಕೆ ಬಂತು.

ಅಕ್ಕ ಅಪ್ಪನ ಹತ್ತಿರ ಓಡಿದಳು. ಅಪ್ಪ ನಮ್ಮ ಎತ್ತಿನ ಗಾಡಿಯ ಅಚ್ಚಿಗೆ ಎಣ್ಣೆ ಬಿಡುತ್ತಿದ್ದ.

"ಯಾಕಮ್ಮ ಅಳ್ತೀಯ? ನಾನಿರೋಗಂಟ ನಿನ್ ಮರುಕ್ಕೆ ಕೊಡ್ಲಿ ಬೀಳಲ್ಲ. ಓಗು, ಮೊಖ ತೊಳ್ಕೊ," ಎಂದ.

ಅಷ್ಟು ಸಾಕಾಯಿತು. ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು ಎಂದು ನಾವಿಬ್ಬರೂ ನಂಬಿದ್ದೆವು. ಆದರೂ ಹೆಬ್ಬಾಳದ ಕಡೆಯಿಂದ ಮರಗಳು ಉರುಳುತ್ತಾ ಉರುಳುತ್ತಾ ಹತ್ತಿರ ಬಂದವು. ಒಂದು ಹೊಂಗೆ ಮರವನ್ನು ಮಾತ್ರ ಕೂಲಿಯವರು ಮುಟ್ಟದೆ ಮುಂದೆ ಬಂದಿದ್ದರು. ಅದರ ಬುಡದಲ್ಲಿ ಕುಂಕುಮ ಹಚ್ಚಿದ ಕಲ್ಲೊಂದಿತ್ತು. ಅದನ್ನು ನೋಡಿದ್ದೇ ಅಕ್ಕನ ಕಣ್ಣು ಮಿನುಗಿತು. ಅಪ್ಪನಿಗೆ ಒಂದಿಷ್ಟು ಸಹಾಯ ಮಾಡೋಣ ಎಂದಳು.

ಹಿತ್ತಲಿನಲ್ಲಿ ಒಂದು ಹಳೆಯ ರುಬ್ಬುಗುಂಡು ಬಿದ್ದಿತ್ತು. ಅದರ ತಲೆಯ ಹತ್ತಿರ ಒಂದು ಚಕ್ಕೆ ಎದ್ದಿತ್ತು. ಹಿಂದೊಮ್ಮೆ ಅಪ್ಪನೇ ಕೈಜಾರಿ ಬೀಳಿಸಿ ಆದ ಗಾಯ ಅದು. ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ನಾವು ಅದನ್ನು ಗೋಣಿಚೀಲದಲ್ಲಿ ಎಳೆದೊಯ್ದು ಮರದ ಬುಡದಲ್ಲಿ ನೆಟ್ಟೆವು. ಅಕ್ಕ ಅರಿಸಿನ ಬಳಿದು, ಕುಂಕುಮವಿಟ್ಟು, ಕಣಗಿಲೆ ಹೂ ಮುಡಿಸಿದಳು. ನೋಡನೋಡುತ್ತಲೇ ಅದು ದೇವರಾಯಿತು. ನನಗೇ ಕೈ ಮುಗಿಯಬೇಕೆನಿಸಿತು, ಮುಗಿದೆ.

ಕೊಡಲಿ ಹಿಡಿದು ಬಂದ ಮೇಸ್ತ್ರಿ ದೂರದಲ್ಲೇ ಚಪ್ಪಲಿ ಬಿಟ್ಟ.

"ದ್ಯಾವ್ರಿರೋ ಮರ. ನಾನು ಕೊಡ್ಲಿ ಆಕಲ್ಲಪ್ಪ," ಎಂದು ಕೈಮುಗಿದು ಕೂತುಬಿಟ್ಟ. ಜಲ್ಲಿ ಹೊರುವ ಹೆಂಗಸರು ತಲೆಯ ಹೂ ಕಿತ್ತು ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಯಾರೋ ಕಾಯಿ ಒಡೆದು ನಮ್ಮಿಬ್ಬರಿಗೂ ಒಂದೊಂದು ಚೂರು ಕೊಟ್ಟರು. ನಮ್ಮ ದೇವರ ಪ್ರಸಾದವನ್ನು ನಾವೇ ಕಣ್ಣಿಗೊತ್ತಿಕೊಂಡು ತಿಂದೆವು. ಅಷ್ಟು ಸಿಹಿಯಾದ ಕಾಯಿಚೂರನ್ನು ನಾನು ಮತ್ತೆ ತಿಂದಿಲ್ಲ.

ಬಿಸಿಲು ಇಳಿಯುವಾಗ ರಸ್ತೆ ಕೆಲಸದ ಸಾಹೇಬರು ಸೈಕಲ್ಲಿನಲ್ಲಿ ಬಂದರು. ಜೊತೆಗೆ ಅಪ್ಪನೂ ಇದ್ದ. ಇಬ್ಬರೂ ಏನನ್ನೋ ಮಾತಾಡಿ ಮುಗಿಸಿಕೊಂಡು ಬಂದಂತಿತ್ತು. ಸಾಹೇಬರು ಕಲ್ಲನ್ನು ನೋಡಿದರು, ಕೈಕಟ್ಟಿ ಕೂತ ಕೂಲಿಯವರನ್ನೂ ನೋಡಿದರು.

"ನೀನು ಇದೇ ಊರಿನವನಲ್ಲವೇನಯ್ಯ? ಈ ದೇವರು ಯಾವಾಗಿನಿಂದ ಇದೆ?" ಎಂದು ಅಪ್ಪನನ್ನು ಕೇಳಿದರು.

ಎಲ್ಲರೂ ಅಪ್ಪನ ಮುಖ ನೋಡಿದರು. ಅಕ್ಕ ನನ್ನ ಕೈ ಹಿಸುಕಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ, ಗೆದ್ದವಳ ನಗುವಿತ್ತು. ಅಪ್ಪ ಬಗ್ಗಿ ಚಕ್ಕೆ ಎದ್ದ ಜಾಗವನ್ನು ನೋಡಿದ. ನಮ್ಮಿಬ್ಬರನ್ನೂ ಒಮ್ಮೆ ನೋಡಿದ. ಆಮೇಲೆ ದೇವರನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ದ್ಯಾವ್ರೂ ಇಲ್ಲ ಗೀವ್ರೂ ಇಲ್ಲ ಸಾಮಿ. ನಮ್ಮನೆ ರುಬ್ಬುಗುಂಡು. ಉಡುಗ್ರು ಆಟ ಆಡವ್ರೆ."

ಎಲ್ಲರೂ ಗೊಳ್ಳೆಂದು ನಕ್ಕರು, ಬೆಳಿಗ್ಗೆ ಚಪ್ಪಲಿ ಬಿಟ್ಟಿದ್ದ ಮೇಸ್ತ್ರಿಯೂ ನಕ್ಕ. ಅಕ್ಕ ಮಾತ್ರ, "ನೀನೇ ಯೇಳಿದ್ದಲ್ಲಪ್ಪ..." ಎಂದಳು. ಅಪ್ಪ ತಿರುಗಿ ನೋಡಲಿಲ್ಲ.

ಬೆಳಗಾದರೆ ಮರ ನೆಲಕ್ಕೆ ಬಿದ್ದಿತ್ತು. ಕೊಂಬೆಗಳನ್ನು ತುಂಬಿಕೊಂಡು ಹೊರಟ ಗಾಡಿ ನಮ್ಮದೇ. ಆಮೇಲೆ ರಸ್ತೆ ಮುಗಿಯುವವರೆಗೂ ಜಲ್ಲಿ ಹೊಡೆದದ್ದೂ ನಮ್ಮದೇ ಗಾಡಿ. ಅಪ್ಪ ಮತ್ತು ಸಾಹೇಬರು ಮಾತಾಡಿ ಮುಗಿಸಿದ್ದು ಏನೆಂದು ನನಗಾಗ ಅರ್ಥವಾಯಿತು. ಅಪ್ಪ ಕೆಟ್ಟವನಲ್ಲ. ಗಾಡಿಗೆ ಬಾಡಿಗೆ ಇಲ್ಲದೆ ಎತ್ತುಗಳು ಬಹಳ ದಿನ ಸುಮ್ಮನೆ ನಿಂತಿದ್ದವು, ಅದು ನನಗೂ ಗೊತ್ತು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೋಗಿ ಹೇಳುವುದು? ಮರ ಹೋಗುವುದಿದ್ದರೆ ಹೋಗುತ್ತಿತ್ತು. ಅಷ್ಟು ಜನರೆದುರು ಅಕ್ಕನನ್ನು ನಗೆಪಾಟಲು ಮಾಡಬೇಕಿರಲಿಲ್ಲ.

ಹಿತ್ತಲಿಗೆ ಎಸೆದಿದ್ದ ಗುಂಡನ್ನು ಅಕ್ಕ ತೊಳೆದು ಗೋಡೆಗೊರಗಿಸಿ ಇಟ್ಟಳು. ಆಮೇಲೆ ಅವಳು ಅಪ್ಪನನ್ನು ಏನನ್ನೂ ಕೇಳಲಿಲ್ಲ. ಮದುವೆಗೆ ಯಾವ ಬಣ್ಣದ ಸೀರೆ ತರಲಿ ಎಂದು ಅಪ್ಪ ಕೇಳಿದಾಗಲೂ "ನಿನ್ನಿಷ್ಟ" ಎಂದಷ್ಟೇ ಹೇಳಿದಳು. ಅಪ್ಪ ನೇರಳೆ ಬಣ್ಣದ ಸೀರೆ ತಂದ. ಅವಳು ಅದನ್ನು ಉಡಲಿಲ್ಲ.

ಆ ಜಾಗದಲ್ಲಿ ಈಗ ಮೇಲ್ಸೇತುವೆ. ನನ್ನ ಮೊಮ್ಮಕ್ಕಳು ಅದರ ಮೇಲೆ ನಂದಿಬೆಟ್ಟಕ್ಕೆ ಹೋಗುವಾಗ ಕಾರು ಒಂದಿಷ್ಟೂ ಕುಲುಕುವುದಿಲ್ಲ, ಅವರು ನಿದ್ದೆ ಮಾಡಿರುತ್ತಾರೆ. ನೇರಳೆ ಹಣ್ಣು ಅವರಿಗೆ ಡಬ್ಬಿಯಲ್ಲಿ ಬರುತ್ತದೆ. ಒಂದೊಂದೇ ತಿಂದು ಟಿಶ್ಯೂನಲ್ಲಿ ಕೈ ಒರೆಸಿಕೊಳ್ಳುತ್ತಾರೆ. ಅವರ ಅಂಗಿ ನೀಲಿಯಾದದ್ದನ್ನು ನಾನು ನೋಡಿಲ್ಲ.

ಮೊನ್ನೆ ನಮ್ಮ ಅಪಾರ್ಟ್‌ಮೆಂಟ್ ಎದುರಿನ ಹೊಂಗೆ ಮರಕ್ಕೆ ಯಾರೋ ಕೆಂಪು ಗುರುತು ಹಾಕಿ ಹೋದರು. ಮತ್ತೆ ರಸ್ತೆ ಅಗಲವಾಗಬೇಕಂತೆ. "ತಾತ, ಕಟ್ ಮಾಡೋಕೆ ಬಿಡಲ್ಲ ಅಂತ ಪ್ರಾಮಿಸ್ ಮಾಡು," ಎಂದು ಮೊಮ್ಮಗಳು ಕೈಚಾಚಿದಳು. ನಾನು ಮಾಡಲಿಲ್ಲ. ಹಾಗೆ ಮಾತು ಕೊಡುವುದೆಂದರೆ ನನಗಾಗದು. ಅದರ ಬದಲು ಈ ಕತೆ ಹೇಳಿದೆ.

ಬೆಳಿಗ್ಗೆ ಎದ್ದಾಗ ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕ ನಾನು ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದ ಅದೇ ರುಬ್ಬುಗುಂಡು ಕಾಣಲಿಲ್ಲ. ಕೆಳಗೆ ಇಳಿದು ಹೋದೆ. ಹೊಂಗೆ ಮರದ ಬುಡದಲ್ಲಿ ಅದು ನೆಟ್ಟಗೆ ನಿಂತಿತ್ತು. ಅರಿಸಿನ ಸಿಗಲಿಲ್ಲವೇನೋ, ಬಣ್ಣದ ಡಬ್ಬಿಯ ಹಳದಿ ಬಳಿದಿದ್ದರು. ಗರಗಸದ ಯಂತ್ರ ಹಿಡಿದ ಹುಡುಗರು ಚಪ್ಪಲಿ ಬಿಟ್ಟು ದೂರ ನಿಂತಿದ್ದರು. ಗೇಟಿನ ಹಿಂದಿನಿಂದ ಮೊಮ್ಮಕ್ಕಳಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ತಾತ, ಈ ದೇವ್ರು ಯಾವಾಗಿಂದ ಇದೆ ಇಲ್ಲಿ?" ಎಂದು ಗರಗಸ ಹಿಡಿದ ಹುಡುಗರಲ್ಲೊಬ್ಬ ಕೇಳಿದ.

ನಾನು ಬಗ್ಗಿ ಚಕ್ಕೆ ಎದ್ದ ಜಾಗವನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡೆ.

"ನಾನು ಚಿಕ್ಕವನಿದ್ದಾಗಿಂದ ಕಣಪ್ಪ," ಎಂದೆ.