ನಾನು ಕಟ್ಟಿದ ಗೋರಿ

ಊರಿನವರಿಗೆ ನಾನು ‘ಮಿಲಿಟ್ರಿ’. “ಮಿಲಿಟ್ರಿ ಅಲ್ಲ ಮಾರಾಯ್ರೆ, ನೇವಿ. ಹಡಗಿನವ ನಾನು” ಎಂದು ಎಷ್ಟು ಸಲ ಹೇಳಿದರೂ, “ಅದೂ ಮಿಲಿಟ್ರಿಯೇ ಅಲ್ವಾ, ನೀರು ಸ್ವಲ್ಪ ಜಾಸ್ತಿ, ಅಷ್ಟೇ” ಎಂದು ನಗುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಾಗಿಯೂ ಇಲ್ಲ. ಸುಳ್ಯದ ಕಡೆಯಿಂದ ಪಟಾಲಮ್ಮಿಗೆ ಸೇರಿದವರು ಬೇಕಾದಷ್ಟು ಮಂದಿ ಇದ್ದರು. ನಮ್ಮ ಸುತ್ತಿನಲ್ಲಿ ಸಮುದ್ರಕ್ಕೆ ಹೋದವರು ಇಬ್ಬರೇ, ನಾನು ಮತ್ತು ನನ್ನ ಗೆಳೆಯ. ಅವನು ತಿರುಗಿ ಬರಲಿಲ್ಲ. ಅವನ ತಾಯಿಗೆ ನಾನು ಹೇಳಿದ ಒಂದು ಸುಳ್ಳಿನ ಕಥೆ ಇದು.

ನಾನು ಬೆಟ್ಟಂಪಾಡಿಯ ಬೇಸಾಯದ ಮನೆಯವನು. ಅವನು ಕೆದಂಬಾಡಿಯ ಬ್ಯಾರಿಗಳ, ಅಂದರೆ ನಮ್ಮ ಕಡೆಯ ಮುಸಲ್ಮಾನರ, ಹುಡುಗ. ಪುತ್ತೂರಿನ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಲೆಕ್ಕವನ್ನು ಇಬ್ಬರೂ ತಪ್ಪು ಮಾಡಿ ಒಂದೇ ಬೆತ್ತದಲ್ಲಿ ಏಟು ತಿಂದವರು ನಾವು. ಅವನ ತಂದೆ ಬೇಗ ತೀರಿಹೋಗಿದ್ದರು. ತಾಯಿ ಬೀಡಿ ಕಟ್ಟಿ ಅವನನ್ನು ಸಾಕಿದ್ದರು. ಅವನು ಕರೆಯುತ್ತಿದ್ದ ಹಾಗೆ ನಾನೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆ. ಜರ್ಮನಿ, ಜಪಾನುಗಳ ಯುದ್ಧ ನಡೆಯುತ್ತಿದ್ದ ಕಾಲ. ಮಂಗಳೂರಿನಲ್ಲಿ ಹಡಗಿಗೆ ಜನ ತೆಗೆದುಕೊಳ್ಳುತ್ತಾರೆಂದು ಯಾರೋ ಹೇಳಿದರು. ಸಮುದ್ರ ನೋಡಿ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಹೊರಟೆವು. ನೋಡಿದೆವು, ಕಣ್ಣು ದಣಿಯುವಷ್ಟು.

ನಮ್ಮದು ಸಣ್ಣ ಹಡಗು. ಶತ್ರುಗಳು ನೀರಿನಲ್ಲಿ ಬಿತ್ತಿಹೋದ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವುದು ಅದರ ಕೆಲಸ. ನಾನು ಮೇಲೆ ಡೆಕ್ಕಿನಲ್ಲಿ, ಅವನು ಕೆಳಗೆ ಬಾಯ್ಲರಿಗೆ ಕಲ್ಲಿದ್ದಲು ಹಾಕುವವರ ಗುಂಪಿನಲ್ಲಿ. ಬರ್ಮಾದ ಕರಾವಳಿಯಲ್ಲಿ ಒಂದು ದಿನ ಅಂಥ ಗುಂಡೊಂದು ಹಡಗಿನ ಹತ್ತಿರವೇ ಸಿಡಿಯಿತು. ಹಡಗು ಉಳಿಯಿತು. ಕೆಳಗೆ ಹಬೆಯ ಕೊಳವೆ ಒಡೆದು ಅವನ ಮೈಯೆಲ್ಲ ಬೆಂದುಹೋಯಿತು. ಮರುದಿನ ಬೆಳಿಗ್ಗೆ ತೀರಿಕೊಂಡ. ದಡ ದೂರ, ಹಡಗು ನಿಲ್ಲಿಸುವ ಹಾಗಿಲ್ಲ. ದಪ್ಪ ಕಿತ್ತಾನಿನ ಬಟ್ಟೆಯಲ್ಲಿ ಅವನನ್ನು ಸುತ್ತಿ, ಹೊಲಿದು, ಕಾಲ ಬಳಿ ಭಾರಕ್ಕೆ ಕಬ್ಬಿಣದ ಸಲಾಕೆ ಇಟ್ಟು ಸಮುದ್ರಕ್ಕೆ ಬಿಟ್ಟೆವು. ಹೊಲಿದವರಲ್ಲಿ ನಾನೂ ಒಬ್ಬ.

ಉಮ್ಮನಿಗೆ ಸರಕಾರದ ಕಾಗದ ಬಂತು. ಕೆಲಸದ ಮೇಲಿದ್ದಾಗ ತೀರಿಕೊಂಡ ಎಂದು ಅದರಲ್ಲಿ ಇದ್ದದ್ದು ಅಷ್ಟೇ. ಮುಂದಿನದನ್ನು ಹೇಳಬೇಕಾದವನು ನಾನು. ಎರಡು ಸಲ ರಜೆಯಲ್ಲಿ ಊರಿಗೆ ಬಂದೆ. ಎರಡೂ ಸಲ ಕೆದಂಬಾಡಿಯ ಕಡೆ ತಲೆ ಹಾಕಲಿಲ್ಲ. ಗುಂಡು ಸಿಡಿಯುವ ನೀರಿನಲ್ಲಿ ಹಡಗು ನಡೆಸಿದ ಗಂಡು ನಾನು, ಒಬ್ಬ ಹೆಂಗಸಿನ ಮುಖ ನೋಡಲು ಹೆದರಿ ಗುಡ್ಡೆ ಹತ್ತಿ ಇಳಿದು ಸುತ್ತು ದಾರಿಯಲ್ಲಿ ನಡೆದೆ.

ಐವತ್ತರ ದಶಕದ ಮೊದಲಲ್ಲಿ ನೌಕರಿ ಮುಗಿಸಿ ಬಂದವನಿಗೆ ಸಿಕ್ಕಿದ ಕೆಲಸ ಬಸ್ಸಿನ ಕಂಡಕ್ಟರನದು. ಪುತ್ತೂರಿನಿಂದ ಸುಳ್ಯಕ್ಕೆ, ಸುಳ್ಯದಿಂದ ಪುತ್ತೂರಿಗೆ. ಆ ಬಸ್ಸನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಕಿಟಕಿಗೆ ಗಾಜಿಲ್ಲ, ಮಳೆ ಬಂದರೆ ಇಳಿಬಿಡುವ ಟಾರ್ಪಾಲು. ಮೇಲೆ ಬಾಳೆಗೊನೆ, ಕೋಳಿಯ ಗೂಡು, ಮದುವೆಯ ಪಾತ್ರೆ. ಏರು ಬಂದಲ್ಲಿ ಗಂಡಸರು ತಾವಾಗಿಯೇ ಇಳಿದು ಮಾತಾಡುತ್ತ ಹಿಂದೆ ನಡೆದು ಬರುತ್ತಿದ್ದರು. ಡ್ರೈವರು ಪುತ್ತೂರಿನ ವಯಸ್ಸಾದ ಬ್ಯಾರಿ. ನಾನು ಕಾಕ ಎನ್ನುತ್ತಿದ್ದೆ. ನಾನು ಹಡಗಿನ ಅಭ್ಯಾಸದಲ್ಲಿ ಗಟ್ಟಿಯಾಗಿ ಕೂಗಿದರೆ ಅವರು ತಿರುಗಿ, “ಮೆಲ್ಲ ಹೇಳು ಮಾರಾಯ, ಇದು ಹಡಗಲ್ಲ, ಇದಕ್ಕೆ ಬ್ರೇಕ್ ಉಂಟು” ಎನ್ನುತ್ತಿದ್ದರು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಕೆದಂಬಾಡಿಯ ದಾರಿ ಬಂದು ರಸ್ತೆಗೆ ಸೇರುವಲ್ಲಿ ನಮ್ಮ ಬಸ್ಸು ನಿಲ್ಲುತ್ತಿತ್ತು. ಎರಡನೆಯ ವಾರವೇ ಉಮ್ಮ ಅಲ್ಲಿ ಬಸ್ಸು ಹತ್ತಿದರು. ಸೋಮವಾರದ ಸಂತೆಗೆ ಹೊರಟಿದ್ದರು. ನನ್ನನ್ನು ಕಂಡು ಕೈಯಲ್ಲಿದ್ದ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು, ಅಷ್ಟೇ.

“ಎಂತ ಮಗಾ, ನನ್ನ ಗುರ್ತ ಉಂಟಾ?”

“ಉಂಟು ಉಮ್ಮ.”

“ಹಾಗಾದ್ರೆ ಬಿಡುವಾದಾಗ ಮನೆಗೆ ಬಾ.”

ಬೈದಿದ್ದರೆ ಹಗುರವಾಗುತ್ತಿತ್ತು. ಆ ಶುಕ್ರವಾರ ಹೋದೆ. ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಚಹಾ ಕೊಟ್ಟರು. ನಾನು ಹಬೆಯ ಕೊಳವೆ ಒಡೆದದ್ದನ್ನು ಹೇಳಿದೆ. ಹೆಚ್ಚು ಹೊತ್ತು ಸಂಕಟ ಪಡಲಿಲ್ಲ ಎಂದೆ. ಅದು ಅರ್ಧ ನಿಜ. ಅವರ ಬೆರಳು ಎಲೆಯನ್ನು ಸುತ್ತುವುದನ್ನು ನಿಲ್ಲಿಸಲಿಲ್ಲ.

“ಎಲ್ಲಿ ಮಣ್ಣು ಮಾಡಿದ್ದು?” ಎಂದು ಕೇಳಿದರು.

ನಿಮ್ಮ ಮಗನನ್ನು ನೀರಿಗೆ ಬಿಟ್ಟೆವು ಎಂದು ಯಾವ ಬಾಯಲ್ಲಿ ಹೇಳುವುದು? “ಬರ್ಮಾದ ಕಡಲ ಕರೆಯಲ್ಲಿ, ಉಮ್ಮ. ಒಳ್ಳೆಯ ಜಾಗ, ತೆಂಗಿನ ತೋಟದ ಬದಿ” ಎಂದುಬಿಟ್ಟೆ. ಒಮ್ಮೆ ಶುರುವಾದ ಮೇಲೆ ನನ್ನ ನಾಲಗೆಗೆ ಲಂಗರು ಇರಲಿಲ್ಲ. ಗೋರಿಯ ಸುತ್ತ ಕಲ್ಲು ಕಟ್ಟಿದೆ, ನೆರಳಿಗೆ ಮರ ನೆಟ್ಟೆ, ಅಲ್ಲಿನ ಊರವರ ಹತ್ತಿರ ನೋಡಿಕೊಳ್ಳಲು ಹೇಳಿಯೂ ಬಂದೆ.

“ತಲೆ ಯಾವ ದಿಕ್ಕಿಗೆ?” ಎಂದರು ಉಮ್ಮ.

“ತೆಂಕಿಗೆ ಉಮ್ಮ. ಎಲ್ಲ ಕ್ರಮ ಪ್ರಕಾರವೇ” ಎಂದೆ, ಎದೆಯುಬ್ಬಿಸಿ.

ಅವರು ಅರ್ಧ ಸುತ್ತಿದ ಬೀಡಿಯನ್ನು ಮೊರದಲ್ಲಿಟ್ಟರು. “ಆಯ್ತು ಮಗಾ. ಚಹಾ ತಣೀತದೆ, ಕುಡಿ” ಎಂದರು.

ಅಲ್ಲಿಂದ ಹತ್ತು ಹನ್ನೊಂದು ವರ್ಷ ಪ್ರತಿ ಸೋಮವಾರ ಉಮ್ಮ ನಮ್ಮ ಬಸ್ಸಿನಲ್ಲಿ ಪುತ್ತೂರಿಗೆ ಬಂದು ಹೋಗುತ್ತಿದ್ದರು. ಮುಂದಿನ ಸೀಟು ಅವರದು. ಮದುಮಗ ಬಂದು ಕೂತರೂ ಎಬ್ಬಿಸುತ್ತಿದ್ದೆ. ಏರಿನಲ್ಲಿ ಬಸ್ಸು ಏದುಸಿರು ಬಿಡುವಾಗ ಯಾರಾದರೂ “ಮಿಲಿಟ್ರಿ, ಒಂದು ಕಥೆ ಬಿಡಿ” ಎನ್ನುತ್ತಿದ್ದರು. ನಾನು ಬಿಡುತ್ತಿದ್ದೆ. ಬಿರುಗಾಳಿಯಲ್ಲಿ ಅನ್ನದ ಹಂಡೆ ಡೆಕ್ಕಿನ ಮೇಲೆ ಜಾರಿ ಅಡುಗೆಯವನು ಅದರ ಹಿಂದೆ ಓಡಿದ್ದು, ರಂಗೂನಿನಲ್ಲಿ ನಾನು ಇಂಗ್ಲಿಷ್ ಅಧಿಕಾರಿಗೆ ತುಳುವಿನಲ್ಲಿ ಬೈದು ಅವನು ಥ್ಯಾಂಕ್ಯೂ ಎಂದದ್ದು. ಹೆಚ್ಚಿನವು ನಿಜ, ಉಳಿದವು ಆಗಬಹುದಾಗಿದ್ದವು. ಚೀನಾದ ಯುದ್ಧದ ಸಮಯದಲ್ಲಿ ಹೋಟೆಲಿನ ರೇಡಿಯೋದ ಮುಂದೆ ಜನ ಮುತ್ತಿಕೊಂಡಾಗ, ಹಿಮದ ಬೆಟ್ಟವನ್ನೇ ಕಾಣದ ನನ್ನನ್ನು ಅಭಿಪ್ರಾಯ ಕೇಳುತ್ತಿದ್ದರು. ನಾನೂ ಗಂಭೀರವಾಗಿ ಕೊಡುತ್ತಿದ್ದೆ.

ಉಮ್ಮನೂ ಕೇಳುತ್ತಿದ್ದರು. ಆದರೆ ಅವರ ಪ್ರಶ್ನೆಗಳೇ ಬೇರೆ. ಬಸ್ಸು ಖಾಲಿಯಾದ ಮೇಲೆ ಮೆಲ್ಲಗೆ, “ಮಲಗುದು ಹೇಗೆ ಅಲ್ಲಿ? ತೊಟ್ಟಿಲಿನ ಹಾಗೆ ತೂಗುವ ಬಟ್ಟೆಯಲ್ಲಾ? ಅವ ನಿದ್ದೆಯಲ್ಲಿ ಹೊರಳುದು ಜಾಸ್ತಿ, ಬೀಳ್ತಿದ್ನಾ?” ಎನ್ನುತ್ತಿದ್ದರು. “ಬೀಳ್ತಿದ್ದ, ಉಮ್ಮ. ಎರಡು ಸಲ ನನ್ನ ಮೇಲೆಯೇ ಬಿದ್ದ” ಎಂದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆ ನಗು ನೋಡಲು ನಾನು ಸೋಮವಾರವನ್ನು ಕಾಯುತ್ತಿದ್ದೆ. ಗೋರಿಯ ಮಾತನ್ನು ಮಾತ್ರ ಅವರು ಮತ್ತೆ ಎತ್ತಲೇ ಇಲ್ಲ. ಅವರ ಮನಸ್ಸಿಗೆ ನೆಮ್ಮದಿ ಸಿಕ್ಕಿತು ಎಂದುಕೊಂಡೆ. ನನ್ನ ಸುಳ್ಳಿನ ಬಗ್ಗೆ ಒಳಗೊಳಗೆ ಹೆಮ್ಮೆಯೂ ಇತ್ತು.

ಅರವತ್ತರ ದಶಕ ಅರ್ಧಕ್ಕೆ ಬರುವ ಮೊದಲೇ ನಮ್ಮ ಕಾಕ ತೀರಿಕೊಂಡರು. ಅವರಿಲ್ಲದ ಬಸ್ಸನ್ನು ಅಂದು ನಾವು ಬಿಡಲಿಲ್ಲ. ಮಧ್ಯಾಹ್ನ ಪಳ್ಳಿಯ, ಅಂದರೆ ಮಸೀದಿಯ, ಹಿಂದಿನ ಜಾಗದಲ್ಲಿ ಮಣ್ಣು ಮಾಡುವಾಗ ನಾನೂ ಹೋಗಿ ಬದಿಯಲ್ಲಿ ನಿಂತೆ. ಅಷ್ಟು ಹತ್ತಿರದಿಂದ ಆ ಕ್ರಮವನ್ನು ನಾನು ಕಂಡದ್ದು ಅದೇ ಮೊದಲು. ಗುಂಡಿ ತೆಂಕು ಬಡಗಾಗಿ ಇತ್ತು. ಕಾಕನನ್ನು ಇಳಿಸಿದರು. ತಲೆ ಬಡಗಿನ ಕಡೆಗೆ ಬಂತು.

ಪಕ್ಕದಲ್ಲಿ ನಿಂತಿದ್ದ ಬಸ್ಸಿನ ಏಜೆಂಟ್ ಬ್ಯಾರಿಯ ಕಿವಿಯಲ್ಲಿ, “ತಲೆ ಯಾವಾಗಲೂ ಆಚೆಗೇ ಇಡುದಾ?” ಎಂದು ಕೇಳಿದೆ.

“ಮತ್ತೆ? ಬಲಮಗ್ಗುಲಿಗೆ ಮಲಗಿಸಿ ಮುಖ ಪಡುವಣಕ್ಕೆ ಬರ್ಬೇಕು, ಕಾಬಾದ ಕಡೆಗೆ. ತೆಂಕಿಗೆ ತಲೆ ಇಟ್ರೆ ಮುಖ ಮೂಡಕ್ಕಾಗ್ತದೆ. ಹಾಗೆ ಯಾರು ಇಡ್ತಾರೆ ಮಾರಾಯ್ರೆ?”

ತಲೆ ತೆಂಕಿಗೆ ಇಡುವುದು ನಮ್ಮ ಮನೆಯ ಕ್ರಮ. ನನ್ನ ಅಜ್ಜನನ್ನೂ ಅಪ್ಪನನ್ನೂ ಹಾಗೆಯೇ ಮಲಗಿಸಿದ್ದೆವು. ಹೆಣ ಎಂದರೆ ತೆಂಕಿಗೆ ತಲೆ ಎಂದು ನಾನು ಯೋಚನೆಯೇ ಇಲ್ಲದೆ ಬ್ಯಾರಿಗಳ ಹುಡುಗನಿಗೆ ನಮ್ಮ ಮನೆಯ ಸಾವು ಕಟ್ಟಿಬಿಟ್ಟಿದ್ದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹಡಗಿನಲ್ಲಿ ಅವನ ಮತದವರೇ ಬೇರೆ ಆರು ಮಂದಿ ಇದ್ದರು. ಮಣ್ಣು ಮಾಡಿದ್ದು ನಿಜವಾಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ ಎಂಬುದು ಉಮ್ಮನಿಗೆ ಆ ಶುಕ್ರವಾರವೇ ಗೊತ್ತಾಗಿತ್ತು. ಗೊತ್ತಿದ್ದೂ ಅವರು ಚಹಾ ಕುಡಿ ಎಂದರು. ಗೊತ್ತಿದ್ದೂ ಹತ್ತು ವರ್ಷ ನನ್ನ ಬಸ್ಸಿನಲ್ಲಿ ಕೂತು ನನ್ನ ಕಥೆ ಕೇಳಿದರು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆದದ್ದಿಲ್ಲ.

ಅಲ್ಲಿಂದ ನೆಟ್ಟಗೆ ಕೆದಂಬಾಡಿಗೆ ನಡೆದೆ. ಉಮ್ಮ ಜಗಲಿಯಲ್ಲಿದ್ದರು. ಕಣ್ಣು ಮಂದವಾಗಿತ್ತು, ಬೀಡಿ ಕಟ್ಟುವುದು ಬಿಟ್ಟಿದ್ದರು.

“ಗೋರಿ ಇಲ್ಲ ಉಮ್ಮ. ನಾನು ಹೇಳಿದ್ದು ಸುಳ್ಳು.”

“ಗೊತ್ತುಂಟು. ಕೂತ್ಕೋ” ಎಂದರು. “ಒಂದಿನ ನೀನೇ ಹೇಳ್ತಿ ಅಂತ ಕಾದೆ. ಕೇಳಿದ್ರೆ ನೀ ಬರುದು ನಿಲ್ಲಿಸ್ತಿದ್ದಿ. ನೀನೂ ಬಾರದಿದ್ರೆ ಅವನ ಸುದ್ದಿ ಮಾತಾಡ್ಲಿಕ್ಕೆ ನಂಗೆ ಯಾರುಂಟು?”

ಆಮೇಲೆ ಅವರು ಕೇಳುತ್ತ ಹೋದರು, ನಾನು ಒಂದನ್ನೂ ಬಿಡದೆ ಹೇಳುತ್ತ ಹೋದೆ. ಕಿತ್ತಾನಿನ ಬಟ್ಟೆ, ಕಬ್ಬಿಣದ ಸಲಾಕೆ, ಎಲ್ಲವನ್ನೂ. ಸ್ನಾನ ಮಾಡಿಸಿದ್ದು ಯಾವ ನೀರಿನಲ್ಲಿ ಎಂದರು. ಸುಟ್ಟ ಮೈ, ನೀರು ಸುರಿಯುವ ಹಾಗೆ ಇರಲಿಲ್ಲ, ಒದ್ದೆ ಬಟ್ಟೆ ಮುಟ್ಟಿಸಿದೆವು ಎಂದೆ. ನಮಾಜು ಮಾಡಿಸಿದ್ದು ಯಾರು ಎಂದರು. ರತ್ನಗಿರಿಯ ಒಬ್ಬರು ಮುಂದೆ ನಿಂತರು, ಉಳಿದ ಐವರು ಹಿಂದೆ. ಕ್ಯಾಪ್ಟನ್ ಟೊಪ್ಪಿ ತೆಗೆದು ನಿಂತಿದ್ದ. ಹಡಗಿನ ವೇಗ ಇಳಿಸಿದ್ದರು. ಅವರು ಕಣ್ಣು ಮುಚ್ಚಿ ಕೇಳಿದರು. ಒಮ್ಮೆ ಮಾತ್ರ, “ನೀರಾದ್ರೂ ತಣ್ಣಗೆ ಉಂಟಲ್ಲ, ಅಷ್ಟು ಬೆಂದವನಿಗೆ” ಎಂದರು.

ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವರು ಕೇಳಿದರು, “ಅವತ್ತು ನೀನು ಉಂಡಿಯಾ?”

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಕೇಳದಿರಲಿ ಎಂದೇ ಇಷ್ಟು ವರ್ಷ ನಾನು ಅಷ್ಟೊಂದು ಕಥೆ ಹೇಳುತ್ತಿದ್ದೆನೋ ಏನೋ. ಹಡಗಿನಲ್ಲಿ ಎಂಟೆಂಟು ಜನಕ್ಕೆ ಒಂದು ಪಂಕ್ತಿ, ಊಟ ಒಂದೇ ಪಾತ್ರೆಯಲ್ಲಿ ಎಂಟು ಪಾಲು ಬರುತ್ತಿತ್ತು. ಅವನೂ ನಾನೂ ಒಂದೇ ಪಂಕ್ತಿಯವರು; ಅವನಿಲ್ಲದೆ ನಾವು ಏಳೇ ಜನ ಎಂಬುದನ್ನು ಮರೆತು ಅಡುಗೆಯವನು ಅಂದು ಸಂಜೆಯೂ ಎಂಟು ಪಾಲು ಕೊಟ್ಟಿದ್ದ. ಹಿಂದಿನ ದಿನದಿಂದ ನಾವು ಏನೂ ತಿಂದಿರಲಿಲ್ಲ. ಯಾರೂ ಆ ಎಂಟನೆಯ ಪಾಲನ್ನು ಮುಟ್ಟಲಿಲ್ಲ. ನನಗೆ ಹೊಟ್ಟೆ ಉರಿಯುವಷ್ಟು ಹಸಿವು. ಗೆಳೆಯನನ್ನು ಹೊಲಿದು ನೀರಿಗೆ ಬಿಟ್ಟ ಕೈಯಲ್ಲಿ ನನ್ನ ಪಾಲು ಉಂಡೆ. ಆಮೇಲೆ ಅವನದನ್ನೂ ಉಂಡೆ.

“ಉಂಡೆ ಉಮ್ಮ” ಎಂದೆ. “ಅವನ ಪಾಲೂ ನಾನೇ ಉಂಡೆ.”

ಉಮ್ಮ ಕೈ ಚಾಚಿ ನನ್ನ ಮಣಿಕಟ್ಟು ಹುಡುಕಿ ಹಿಡಿದುಕೊಂಡರು.

“ಒಳ್ಳೇದಾಯ್ತು ಮಗಾ. ಅವ ಹುಟ್ಟಿದಾರಭ್ಯ ಒಬ್ಬನೇ ಉಂಡವನಲ್ಲ. ನೀ ಹಸಿದು ಕೂತಿದ್ರೆ ಅವನಿಗೆ ಅನ್ನ ಇಳೀತಿರ್ಲಿಲ್ಲ.”

ಹಡಗಿನಲ್ಲಿ ಬಾರದ ಅಳು ಆಗ ಬಂತು. ನಲವತ್ತು ದಾಟಿದ ಗಂಡಸು, ಅವರ ಜಗಲಿಯಲ್ಲಿ ಕೂತು ಜೋರಾಗಿ ಅತ್ತೆ. ನಾನು ಸುಮ್ಮನಾಗುವವರೆಗೂ ಅವರು ಕೈ ಬಿಡಲಿಲ್ಲ.