ಕಬ್ಬಿಣವಿಲ್ಲದೆ ಕಲ್ಲು ಒಡೆದವರು

ನನ್ನ ಮಾವ ನೈರೋಬಿಗೆ ಬಂದಿದ್ದು ಆರು ತಿಂಗಳ ಮಟ್ಟಿಗೆ. ಅದೇ ಅವರ ಮೊದಲ ವಿಮಾನ ಪ್ರಯಾಣ. ಆಗ ನಾವು ಅಲ್ಲಿನ ಪಂಗಾನಿ ಬಡಾವಣೆಯ ಹಳೆಯ ಫ್ಲ್ಯಾಟೊಂದರ ನಾಲ್ಕನೇ ಮಹಡಿಯಲ್ಲಿದ್ದೆವು. ನನ್ನ ಗಂಡನಿಗೆ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಕೆಲಸ, ನನಗೆ ಶಾಲೆಯೊಂದರಲ್ಲಿ ಚರಿತ್ರೆಯ ಪಾಠ. ಮಾವ ಕೋಲಾರದ ಕಡೆಯವರು. ಹದಿನಾಲ್ಕನೇ ವಯಸ್ಸಿನಿಂದ ಮಂಡಿ ಸೋಲುವ ತನಕ ಬಂಡೆ ಒಡೆದವರು.

ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ನಮ್ಮಿಬ್ಬರ ಮಾತು "ಊಟ ಆಯ್ತಾ ಮಾವ", "ಆಯ್ತಮ್ಮ" ಎಂಬುದನ್ನು ದಾಟಿರಲಿಲ್ಲ. ನಾನು ಮೈಸೂರಿನ ಕಾಲೇಜು ಮೇಷ್ಟರ ಮಗಳು. ಯಾರಾದರೂ ಕೇಳಿದರೆ "ನಮ್ಮ ಮಾವನವರದು ಗ್ರಾನೈಟ್ ಬಿಸಿನೆಸ್" ಎನ್ನುತ್ತಿದ್ದೆ. ಪೂರಾ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಬಂದ ಮೊದಲೆರಡು ವಾರ ಅವರು ಬಾಲ್ಕನಿ ಬಿಟ್ಟು ಏಳಲಿಲ್ಲ. ಪಕ್ಕದ ಸೈಟಿನಲ್ಲಿ ಒಂದು ಕಟ್ಟಡ ಏಳುತ್ತಿತ್ತು. ಅಲ್ಲೊಬ್ಬ ವಯಸ್ಸಾದ ಫುಂಡಿ, ಅಂದರೆ ಮೇಸ್ತ್ರಿ, ಬೂದು ಬಣ್ಣದ ಕಲ್ಲುಗಳನ್ನು ಕೈಯಲ್ಲೇ ಉಳಿ ಹಿಡಿದು ಚೌಕ ಮಾಡುತ್ತಿದ್ದ. ಬೆಳಿಗ್ಗೆ ಆ ಸದ್ದು ಶುರುವಾದರೆ ಮಾವ ಕುರ್ಚಿ ಎಳೆದುಕೊಂಡು ಕೂರುವರು. ಮಟಾಟು ವ್ಯಾನುಗಳ ಹಾರ್ನು, ಕೆಳಗಿನ ಅಂಗಡಿಯ ರೇಡಿಯೋ ಯಾವುದೂ ಅವರ ಕಿವಿಗೆ ಬೀಳುತ್ತಿದ್ದಂತೆ ಕಾಣಲಿಲ್ಲ. ಮೂರನೇ ವಾರ ತಾವೇ ಮೆಟ್ಟಿಲಿಳಿದು ಹೋದರು. ಮೇಲಿನಿಂದ ನೋಡಿದೆ. ಫುಂಡಿ ತನ್ನ ಸುತ್ತಿಗೆಯನ್ನು ಇವರ ಕೈಗೆ ಕೊಟ್ಟ. ಇವರು ಅದರ ತೂಕ ನೋಡಿ, ಹಿಡಿಯನ್ನು ಹೆಬ್ಬೆರಳಿನಿಂದ ಸವರಿ ವಾಪಸು ಕೊಟ್ಟರು. ಅವನು ನಕ್ಕ. ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲ. ಆದರೂ ಅಂದಿನಿಂದ ಅವರಿಬ್ಬರ ಹತ್ತು ಗಂಟೆಯ ಚಹಾ ಒಟ್ಟಿಗೇ ಆಯಿತು.

ಅದೇ ದಿನಗಳಲ್ಲಿ ನಾನು ಏಳನೇ ತರಗತಿಗೆ ಪ್ರಾಚೀನ ಈಜಿಪ್ಟ್ ಕಲಿಸಬೇಕಿತ್ತು. ಒಂದು ಶನಿವಾರ ಬಾಲ್ಕನಿಯಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದಾಗ ಮಾವ ಒಂದು ಚಿತ್ರದ ಮೇಲೆ ಬೆರಳಿಟ್ಟರು.

"ಏನಮ್ಮ ಇದು? ಇವರೇನು ಮಾಡ್ತಾವ್ರೆ?"

"ಕಲ್ಲು ಸೀಳ್ತಿದಾರೆ ಮಾವ. ಬಂಡೆಗೆ ಸಾಲಾಗಿ ತೂತು ಹೊಡೆದು, ಮರದ ಬೆಣೆ ತುರುಕಿ, ನೀರು ಹುಯ್ಯೋರಂತೆ. ಮರ ಉಬ್ಬಿ ಕಲ್ಲು ಬಿಡೋದಂತೆ."

"ಯಾವ ಕಲ್ಲು?"

"ಗ್ರಾನೈಟ್. ನಿಮ್ಮ ಕಡೇದೇ ಜಾತಿ. ಬಣ್ಣ ಮಾತ್ರ ಕೆಂಪು."

ಅವರು ತಲೆಯಾಡಿಸಿದರು. "ಬರಲ್ಲಮ್ಮ. ಮೊದ್ಲೇ ಬಿರುಕಿದ್ರೆ ಬರಬೋದು. ಗಟ್ಟಿ ಬಂಡೆ ಮರಕ್ಕೆ ಬಗ್ಗಲ್ಲ."

"ಪುಸ್ತಕದಲ್ಲಿ ಹಾಗಿದೆ ಮಾವ."

"ಬರೆದೋರು ಹೊಡೆದು ನೋಡಿರಲ್ಲ," ಎಂದು ಹೇಳಿ ಅವರು ಚಹಾ ಲೋಟ ಇಡಲು ಒಳಗೆ ಹೋದರು.

ನನಗೆ ಸಿಟ್ಟು ಬಂತು. ಅವರ ಮಾತು ತಪ್ಪೆಂದು ತೋರಿಸುವ ಹಠದಿಂದಲೇ ಕಂಪ್ಯೂಟರ್ ತೆರೆದೆ. ಒಂದು ಗಂಟೆ ಓದಿದ ಮೇಲೆ ಹಠ ಇಳಿಯಿತು. ಆ ಮರದ ಬೆಣೆಯ ಕಥೆಯನ್ನು ಬಲ್ಲವರೂ ಅಷ್ಟಾಗಿ ನಂಬುವುದಿಲ್ಲ. ಈಜಿಪ್ಟಿನ ದಕ್ಷಿಣದ ಆಸ್ವಾನಿನ ಬಂಡೆಗಳ ಮೇಲೆ ಕಾಣುವ ಬೆಣೆಗುಳಿಗಳ ಸಾಲು ಬಹುಮಟ್ಟಿಗೆ ಕಬ್ಬಿಣ ಬಂದ ನಂತರದ ಕಾಲದ್ದು. ಅದಕ್ಕಿಂತ ಹಿಂದಿನವರು ಡಾಲರೈಟ್ ಎಂಬ ಕಪ್ಪು ಕಲ್ಲಿನ ಗುಂಡುಗಳನ್ನು ಎರಡೂ ಕೈಯಲ್ಲೆತ್ತಿ ಗ್ರಾನೈಟನ್ನು ಜಜ್ಜಿ ಜಜ್ಜಿ ಪುಡಿ ಮಾಡಿ, ಬೇಕಾದ ಕಲ್ಲಿನ ಸುತ್ತ ಕಂದಕ ತೋಡುತ್ತಿದ್ದರು. ಅವರ ತಾಮ್ರದ ಉಳಿ ಸುಣ್ಣದ ಕಲ್ಲಿನಂಥ ಮೆದುಕಲ್ಲಿಗಷ್ಟೇ ಆಗುತ್ತಿತ್ತು.

ಮರುದಿನ ಬೆಳಿಗ್ಗೆ ಮಾವನ ಮುಂದೆ ಒಪ್ಪಿಕೊಂಡೆ. "ನೀವು ಹೇಳಿದ್ದೇ ಸರಿ ಮಾವ. ಕಲ್ಲಿನಿಂದಲೇ ಕಲ್ಲು ಜಜ್ಜುತ್ತಿದ್ದರಂತೆ."

ಗೆದ್ದ ಸಂತೋಷ ಅವರ ಮುಖದಲ್ಲಿ ಇರಲಿಲ್ಲ. ದೋಸೆ ಮುರಿಯುತ್ತಿದ್ದ ಕೈ ಹಾಗೇ ನಿಂತಿತು. "ಅಂದ್ರೆ ಕಬ್ಣ ಇಲ್ದೇನೇ?"

"ಇಲ್ದೇನೇ."

"ಕಬ್ಣ ಇಲ್ದೆ," ಎಂದು ಮತ್ತೊಮ್ಮೆ ತಮಗೆ ತಾವೇ ಹೇಳಿಕೊಂಡರು. ಆಮೇಲೆ, "ಹೊಡೆದು ನೋಡಾಣ," ಎಂದರು.

ಕಪ್ಪು ಗುಂಡು ಸಿಕ್ಕಿದ್ದು ಪಕ್ಕದ ಸೈಟಿನಲ್ಲೇ, ಪಾಯ ಅಗೆದಾಗ ಎದ್ದ ಕಲ್ಲಿನ ರಾಶಿಯಲ್ಲಿ. ಫುಂಡಿಯೂ ಮಾವನೂ ಸೇರಿ ಅರ್ಧ ದಿನ ಹುಡುಕಿ, ಒಂದಕ್ಕೊಂದು ತಟ್ಟಿ ಸದ್ದು ಕೇಳಿ, ಮೂರು ಆರಿಸಿದರು. ಗ್ರಾನೈಟಿಗಾಗಿ ನನ್ನ ಗಂಡ ನಮ್ಮನ್ನು ಇಂಡಸ್ಟ್ರಿಯಲ್ ಏರಿಯಾಕ್ಕೆ ಕರೆದುಕೊಂಡು ಹೋದರು. ಅಡುಗೆಮನೆ ಕಟ್ಟೆಗೆ ಕಲ್ಲು ಕೊಯ್ಯುವ ಒಂದು ಗೋದಾಮು. ಹಿಂದಿನ ಅಂಗಳದಲ್ಲಿ ಒಡೆದ ತುಂಡುಗಳು ಬಿದ್ದಿದ್ದವು. ಮಾವ ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತು ಉಗುಳು ಹಚ್ಚಿ ಉಜ್ಜಿದರು.

"ಇದು ನಮ್ಮ ಕಡೆ ಕಲ್ಲು," ಎಂದರು.

ನಾನು ಗೋದಾಮಿನವನನ್ನು ವಿಚಾರಿಸಿದೆ. ಇಂಡಿಯಾದಿಂದ ಹಡಗಿನಲ್ಲಿ ಮೊಂಬಾಸಾಕ್ಕೆ ಬಂದದ್ದಂತೆ. ಮಾವ ಆ ತುಂಡಿನ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದರು. ಊರು ಬಿಟ್ಟು ಬಂದಮೇಲೆ ಊರಿನವರೊಬ್ಬರು ಸಿಕ್ಕ ಹಾಗೆ ಅವರ ಮುಖ ಬೆಳಗಿತ್ತು. ಕಾರಿನಲ್ಲಿ ಅದನ್ನು ಡಿಕ್ಕಿಯಲ್ಲಿಡಲು ಬಿಡದೆ ಕಾಲ ಬಳಿಯೇ ಇರಿಸಿಕೊಂಡರು.

ಅವರನ್ನು ತರಗತಿಗೆ ಕರೆದೊಯ್ಯುವ ಯೋಚನೆ ನನಗೆ ಬಂದದ್ದು ಆ ದಾರಿಯಲ್ಲಿ, ಲಾರಿಗಳ ಸಾಲಿನ ನಡುವೆ ಸಿಕ್ಕಿಕೊಂಡಿದ್ದಾಗ. ಮುಖ್ಯೋಪಾಧ್ಯಾಯಿನಿ ಒಪ್ಪಿದರು. ಮಾವ ಬಿಳಿ ಪಂಚೆ, ಅಂಗಿ, ಮೇಲೊಂದು ಸ್ವೆಟರ್ ಹಾಕಿಕೊಂಡು ಬಂದರು. ಮಕ್ಕಳ ಜೊತೆ ಇಬ್ಬರು ಸಹೋದ್ಯೋಗಿಗಳೂ ಹಿಂದೆ ನಿಂತಿದ್ದರು. ಅವರಿಗೆ ನಾನು ಹಿಂದೆ ಗ್ರಾನೈಟ್ ಬಿಸಿನೆಸ್ಸಿನ ಮಾತು ಹೇಳಿದ್ದೆ. "ಇವರು ನನ್ನ ಗಂಡನ ತಂದೆ," ಎಂದೆ. "ನಲವತ್ತು ವರ್ಷ ಕೈಯಿಂದ ಕಲ್ಲು ಒಡೆದವರು. ಇವತ್ತು ಇವರೇ ನಿಮ್ಮ ಟೀಚರ್." ಯಾರೂ ಹುಬ್ಬೇರಿಸಲಿಲ್ಲ. ಇಷ್ಟು ವರ್ಷ ಯಾರಿಗೆ ಹೆದರಿದ್ದೆನೋ ತಿಳಿಯದೆ ನಾಚಿಕೆಯಾಯಿತು.

ಮಕ್ಕಳು ವಿಜ್ಞಾನ ಪ್ರಯೋಗಾಲಯದ ಕನ್ನಡಕ ಹಾಕಿಕೊಂಡು ಸರದಿಯಲ್ಲಿ ಜಜ್ಜಿದರು. ಮೊದಲಿನವರು ಬಿಗಿಯಾಗಿ ಹಿಡಿದು ಹೊಡೆದು ಮಣಿಕಟ್ಟು ನೋಯಿಸಿಕೊಂಡರು. ಮಾವ ತಾವೇ ನೆಲಕ್ಕೆ ಕೂತು ತೋರಿಸಿದರು. "ಎತ್ತೋದು ನಿನ್ನ ಕೆಲ್ಸ. ಬೀಳೋದು ಕಲ್ಲಿನ ಕೆಲ್ಸ. ಪೋಲೆ ಪೋಲೆ." ನಿಧಾನ, ನಿಧಾನ ಎಂಬ ಆ ಸ್ವಾಹಿಲಿ ಮಾತನ್ನು ಫುಂಡಿಯಿಂದ ಕಲಿತಿದ್ದರು. ಮಕ್ಕಳು ನಕ್ಕು, ಆಮೇಲೆ ಅವರು ಹೇಳಿದ ಹಾಗೇ ಮಾಡಿದರು. ಎರಡು ಪೀರಿಯಡ್ ಮುಗಿಯುವ ಹೊತ್ತಿಗೆ ಹಾಸಿದ್ದ ಪೇಪರಿನ ಮೇಲೆ ಒಂದು ಹಿಡಿ ಪುಡಿ. ಕಲ್ಲಿನಲ್ಲಿ ಒಂದು ನಾಣ್ಯ ಕೂರುವಷ್ಟು ತಗ್ಗು.

ಒಬ್ಬ ಹುಡುಗಿ ಕೇಳಿದಳು, "ಇಷ್ಟೆಲ್ಲ ಮಾಡಿದ ಮೇಲೆ ಕಲ್ಲು ಬಿರುಕು ಬಿಟ್ಟರೆ?"

ನಾನು ಪರದೆಯ ಮೇಲೆ ಆಸ್ವಾನಿನ ಚಿತ್ರ ಹಾಕಿದೆ. ಹನ್ನೆರಡು ಮಹಡಿಯಷ್ಟು ಉದ್ದದ ಕಂಬವೊಂದು ತಾಯಿಬಂಡೆಯಿಂದ ಇನ್ನೂ ಬಿಡಿಸಿಕೊಳ್ಳದೆ ಮಲಗಿದೆ. ಮೈಮೇಲೆ ಬಿರುಕು. ಅದು ಕಂಡಾಗ ಕೆಲಸದವರು ಅಲ್ಲಿಗೇ ಬಿಟ್ಟು ಹೋದರು ಎಂದೆ. ಮಾವ ಎದ್ದು ಪರದೆಯ ಹತ್ತಿರ ಹೋಗಿ, ಬಿರುಕು ಎಲ್ಲಿಂದ ಹೊರಟಿದೆಯೆಂದು ಬೆರಳಲ್ಲಿ ಹುಡುಕಿದರು. ಆಮೇಲೆ ಮಕ್ಕಳ ಕಡೆ ತಿರುಗಿ ಕನ್ನಡದಲ್ಲೇ ಹೇಳತೊಡಗಿದರು. ನಾನು ಇಂಗ್ಲಿಷಿಗೆ ಹೇಳುತ್ತ ಹೋದೆ.

ಅವರಿಗೆ ಇಪ್ಪತ್ತೆರಡು ವರ್ಷವಿದ್ದಾಗ ಪಕ್ಕದ ಊರಿನ ದೇವಸ್ಥಾನಕ್ಕೆ ಒಂದೇ ಕಲ್ಲಿನ ಗರುಡಗಂಬ ಬೇಕಾಗಿತ್ತಂತೆ. ಮೂವತ್ತು ಅಡಿ. ಎಂಟು ಜನ ನಾಲ್ಕು ತಿಂಗಳು ದುಡಿದರು. ಮುಗಿಯುವ ಎರಡು ದಿನ ಮೊದಲು ನಡುಮಧ್ಯದಲ್ಲಿ ಸುತ್ತಿಗೆ ತಟ್ಟಿದಾಗ ಇವರಿಗೆ ಸದ್ದು ಬೇರೆಯಾಗಿ ಕೇಳಿಸಿತು. ಗಂಟೆಯ ಹಾಗೆ ನುಡಿಯಬೇಕಾದ ಕಲ್ಲು ಮಣ್ಣಿನ ಹಾಗೆ ನುಡಿಯಿತು. "ನಾನೇ ಚಿಕ್ಕೋನು. ದೊಡ್ಡೋರಿಗೆ ಕೇಳಿಸ್ದೆ ಇದ್ದದ್ದು ನಂಗೆಂಗೆ ಕೇಳಿಸ್ತದೆ ಅಂತ ಸುಮ್ಕಾದೆ," ಎಂದರು ಮಾವ. "ಕೊನೇ ಬೆಣೆಗೆ ಎರಡು ತುಂಡಾಯ್ತು. ಮೊದ್ಲೇ ಹೇಳಿದ್ರೆ ಗೆರೆ ಸ್ವಲ್ಪ ಸರಿಸಿ ಉಳಿಸ್ಕೋಬೋದಿತ್ತು. ಇದುವರ್ಗೂ ಯಾರಿಗೂ ಹೇಳಿಲ್ಲ."

ಅದೇ ಹುಡುಗಿ ಕೇಳಿದಳು, "ಆ ಕಲ್ಲು ಏನಾಯಿತು?"

"ಸೀಳಿ ಮೆಟ್ಟಿಲು ಮಾಡಿದ್ವಿ. ಊರಿನ ಸ್ಕೂಲಿಗೆ ಹಾಕಿದ್ರು."

ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಇದನ್ನು ಹೇಳಿದೆ. ಅವರು ತುತ್ತು ಹಿಡಿದುಕೊಂಡೇ ಅಪ್ಪನನ್ನು ನೋಡಿದರು. "ನಮ್ಮ ಸ್ಕೂಲಾ ಅಪ್ಪ? ಆ ಉದ್ದುದ್ದ ಮೆಟ್ಟಿಲು?"

"ಹೂಂ."

"ಏಳು ವರ್ಷ ಅದರ ಮೇಲೇ ಕೂತು ಬುತ್ತಿ ತಿಂದಿದೀನಿ."

"ಗೊತ್ತು ಕಣಪ್ಪ. ಒಂದೊಂದ್ಸಲ ದೂರದಿಂದ ನೋಡಿ ಬರ್ತಿದ್ದೆ," ಎಂದು ಮಾವ ಅನ್ನಕ್ಕೆ ಸಾರು ಹಾಕಿಕೊಂಡರು. ತಂದೆ ಮಗ ಅಂದು ಬಹಳ ಹೊತ್ತು ಮಾತಾಡಿದರು. ಇಬ್ಬರೂ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆರು ತಿಂಗಳು ಮುಗಿದು ಮಾವ ಊರಿಗೆ ಮರಳಿದರು. ಫುಂಡಿ ತನ್ನದೊಂದು ಹಳೆಯ ಉಳಿ ಕೊಟ್ಟು ಬೀಳ್ಕೊಟ್ಟ. ಆಮೇಲೆ ಪ್ರತಿ ಭಾನುವಾರ ಅವರ ಫೋನು. ಮಗನ ಜೊತೆ ಎರಡು ನಿಮಿಷ. ನಂತರ "ಸೊಸೆಗೆ ಕೊಡು" ಎನ್ನುವರು. "ಹೊಸ್ದೇನಾದ್ರೂ ಓದಿದೇನಮ್ಮ?" ನಾನು ಹೇಳುತ್ತಿದ್ದೆ: ಪಿರಮಿಡ್ಡುಗಳಿಂದ ನೈಲ್ ನದಿಯಾಚೆಯ ತುರಾದಲ್ಲಿ ಒಳ್ಳೆಯ ಬಿಳಿ ಸುಣ್ಣದ ಕಲ್ಲಿನ ಪದರ ಹುಡುಕಿಕೊಂಡು ಗುಡ್ಡದೊಳಗೇ ಸುರಂಗ ಕೊರೆದರು, ಮೇಲಿನದು ಕುಸಿಯದಿರಲೆಂದು ನಡುನಡುವೆ ಕಂಬಗಳನ್ನು ಬಿಟ್ಟರು, ಯಾರೆಷ್ಟು ತೋಡಿದರೆಂದು ತಿಳಿಯಲು ಕೆಮ್ಮಣ್ಣಿನ ಗೆರೆ ಎಳೆದರು. ಅವರು ಎಲ್ಲಕ್ಕೂ ಹೂಂಗುಡುತ್ತಿದ್ದರು. ಈಗ ಮಾವ ಇಲ್ಲ. ನಾವು ನೈರೋಬಿಯಲ್ಲೇ ಕಿಲಿಮಾನಿ ಬಡಾವಣೆಯಲ್ಲಿದ್ದೇವೆ. ಈಗಲೂ ಭಾನುವಾರ ಆ ಹೊತ್ತಿಗೆ ನಾನು ಫೋನನ್ನು ಕೈಗೆಟುಕುವಂತೆ ಇಟ್ಟುಕೊಳ್ಳುತ್ತೇನೆ.

ಕೊನೆಯ ಸಲ ಮಾತಾಡಿದಾಗ ಅವರ ದನಿ ಸೋತಿತ್ತು. "ಆಸ್ವಾನಿನಾಗೆ ಮಧ್ಯಾಹ್ನ ನೆರಳು ಇರ್ತಿತ್ತಾ ಅವರಿಗೆ?" ಎಂದು ಕೇಳಿದರು.

"ನಡುಬೇಸಿಗೆಯಲ್ಲಿ ಸೂರ್ಯ ನೆತ್ತಿ ಮೇಲೇ ನಿಲ್ತಾನಂತೆ ಮಾವ. ನೆರಳೇ ಬೀಳಲ್ಲವಂತೆ ಅಲ್ಲಿ."

"ಹಂಗಾದ್ರೆ ಕೋಳಿ ಕೂಗೋ ಹೊತ್ಗೆ ಎದ್ದು, ಬಿಸಿಲೇರೋದ್ರೊಳಗೆ ಅರ್ಧ ಕೆಲ್ಸ ಮುಗಿಸ್ಕೋತಿದ್ರು ಬಿಡು. ನಾವೂ ಹಂಗೇ ಮಾಡ್ತಿದ್ವಿ," ಎಂದರು.